ದೊಡ್ಡಕ್ಕನ ಲಾಗಿನ್

ನಮ್ಮ ಆಫೀಸು ನವನಗರದಲ್ಲಿ, ಒಬ್ಬ ಹಲ್ಲಿನ ಡಾಕ್ಟರ ದವಾಖಾನೆಯ ಮೇಲಿನ ಮಹಡಿಯಲ್ಲಿದೆ. ಕೆಳಗೆ ಯಾರದೋ ದವಡೆಗೆ ಡ್ರಿಲ್ ಇಟ್ಟರೆ ನನ್ನ ಮೇಜಿನ ಮೇಲಿನ ನೀರಿನ ಬಾಟಲಿ ಸಣ್ಣಗೆ ನಡುಗುತ್ತದೆ. ಸೇರಿದ ಹೊಸತರಲ್ಲಿ ಅದು ತಮಾಷೆಯಾಗಿತ್ತು, ಈಗ ಕಿವಿಗೇ ಬೀಳುವುದಿಲ್ಲ. ಬೆರಳೆಣಿಕೆಯ ಜನರ ಸಣ್ಣ ಕಂಪನಿ. ಶಾಲೆಗಳಿಗೆ, ಸಹಕಾರಿ ಸಂಘಗಳಿಗೆ, ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಪರದೆಯ ಮೇಲಿನ ಬಣ್ಣ, ಬಟನ್ನು ನನ್ನ ಕೆಲಸವಲ್ಲ. ಬಟನ್ನು ಒತ್ತಿದ ಮೇಲೆ ಒಳಗೆ ಏನಾಗಬೇಕು ಎಂಬುದು ನನ್ನ ಕೆಲಸ. ಹುಬ್ಬಳ್ಳಿಯಲ್ಲಿ ಲೇಥ್ ಮಷೀನು ಇಟ್ಟುಕೊಂಡಿದ್ದ ನಮ್ಮ ಅಬ್ಬಾ, ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ಕಂಪ್ಯೂಟರಿನ್ಯಾಗ ಫಿಟ್ಟರ್ ಅದಾಳ" ಎನ್ನುತ್ತಿದ್ದರು. ನನ್ನ ಕೆಲಸವನ್ನು ಅದಕ್ಕಿಂತ ಸರಿಯಾಗಿ ಯಾರೂ ಹೇಳಿಲ್ಲ.

ನಾನಿಲ್ಲಿ ಹೇಳಹೊರಟಿರುವುದು ಒಬ್ಬ ನರ್ಸಿನ ವಿಷಯ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಡುವಿನ ರಸ್ತೆಯಲ್ಲಿರುವ ಒಂದು ಟ್ರಸ್ಟಿನ ಹೆರಿಗೆ ಆಸ್ಪತ್ರೆಯಲ್ಲಿ ಅವರು ಹಿರಿಯ ಸಿಸ್ಟರ್ ಆಗಿದ್ದರು. ಧಾರವಾಡದ ಹತ್ತಿರದ ಗರಗದ ರೈತರ ಮನೆಯ ಹೆಣ್ಣುಮಗಳು. ಹಣೆಗೆ ವಿಭೂತಿ ಇಟ್ಟುಕೊಂಡು, ಸ್ಟೀಲಿನ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ದಿನಾ ಬಸ್ಸಿಗೆ ಬರುತ್ತಿದ್ದರು. ಆಯಾಗಳಿಂದ ಹಿಡಿದು ಡಾಕ್ಟರರ ತನಕ ಎಲ್ಲರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಒಬ್ಬ ಬಾಣಂತಿಯ ಸಾವನ್ನು ಅವರ ತಲೆಗೆ ಕಟ್ಟಿದರು. ಹಾಗೆ ಕಟ್ಟಲು ಬೇಕಾದ ಹಗ್ಗ ಸಿಕ್ಕಿದ್ದು ನಾನು ಬರೆದ ಕೋಡಿನಲ್ಲಿ.

ಆ ಕೋಡನ್ನು ಮೊದಲು ವಿವರಿಸಿಬಿಡುತ್ತೇನೆ, ಅದೇನು ಬ್ರಹ್ಮವಿದ್ಯೆಯಲ್ಲ. ನಾವು ಬಳಸುವ ಫ್ರೇಮ್‌ವರ್ಕಿನಲ್ಲಿ ಹೊಸ ದಾಖಲೆ ಹುಟ್ಟುವ ರೀತಿ ಮೊದಲೇ ಸಿದ್ಧವಾಗಿರುತ್ತದೆ. ಪರದೆಯಿಂದ ಬಂದ ಮಾಹಿತಿಯನ್ನು ಅದು ಪರೀಕ್ಷಿಸುತ್ತದೆ, ಸರಿಯಿದ್ದರೆ ಡೇಟಾಬೇಸಿನಲ್ಲಿ ಒಂದು ಹೊಸ ಸಾಲು ಬರೆಯುತ್ತದೆ. ಬಹಳಷ್ಟು ಸಲ ಅಷ್ಟೇ ಸಾಕು. ಸಾಲದು ಎನ್ನುವವರಿಗೆಂದು, ಪರೀಕ್ಷೆ ಮುಗಿದು ಬರೆಯುವ ಮೊದಲು, ನಡುವೆ ಕೈ ಹಾಕಲು ಒಂದು ಜಾಗ ಬಿಟ್ಟಿರುತ್ತಾರೆ. ಅಲ್ಲಿ ನಮ್ಮದೇ ವಿಧಾನ ಬರೆದಿಟ್ಟರೆ ಫ್ರೇಮ್‌ವರ್ಕು ತನ್ನ ರೂಢಿಯನ್ನು ಬದಿಗಿಟ್ಟು ನಮ್ಮ ಮಾತು ಕೇಳುತ್ತದೆ. ಪರದೆಯಲ್ಲಿ ಯಾರೂ ತುಂಬದ ಸಂಗತಿಯನ್ನೂ ಅಲ್ಲಿ ಸೇರಿಸಬಹುದು.

ಆಸ್ಪತ್ರೆಯ ಮೊದಲ ಆವೃತ್ತಿಯಲ್ಲಿ ಪ್ರತಿ ದಾಖಲೆಯ ಕೆಳಗೆ "ದಾಖಲಿಸಿದವರು" ಎಂಬ ಖಾಲಿ ಚೌಕವಿತ್ತು. ಅದನ್ನು ಯಾರೂ ಸರಿಯಾಗಿ ತುಂಬುತ್ತಿರಲಿಲ್ಲ. ಒಬ್ಬರು ಚುಕ್ಕಿ ಇಡುತ್ತಿದ್ದರು, ಇನ್ನೊಬ್ಬರು "ಸಿಸ್ಟರ್" ಎಂದು ಬರೆಯುತ್ತಿದ್ದರು, ಯಾರೋ ಒಬ್ಬ ಪುಣ್ಯಾತ್ಮರು ದಿನವೂ "ನಾನೇ" ಎಂದು ಬರೆಯುತ್ತಿದ್ದರು. ಆಸ್ಪತ್ರೆಯ ಮ್ಯಾನೇಜರ್ ನಮ್ಮ ಆಫೀಸಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಮೇಡಂ, ಆ ಚೌಕಾ ತಗದ ಒಗೀರಿ. ಯಾರ ಲಾಗಿನ್ ಆಗಿರ್ತಾರೋ ಅವರ ಹೆಸರ ತಾನಾಗೇ ಬೀಳೂಹಂಗ ಮಾಡ್ರಿ. ಇವರನ್ನ ಕೇಳಕೋತ ಕುಂತ್ರ ಸಾಯೂತನಕಾ ತುಂಬೂದಿಲ್ಲ."

ಮಾಡಿದೆ. ಹೊಸ ದಾಖಲೆ ಹುಟ್ಟುವ ಆ ಜಾಗದಲ್ಲಿ ಎರಡೇ ಸಾಲು: ಲಾಗಿನ್ ಆಗಿರುವವರು ಯಾರು ನೋಡು, ದಾಖಲಿಸಿದವರು ಎಂಬಲ್ಲಿ ಅವರನ್ನೇ ಬರೆ. ಜೊತೆಗೆ, ಪರದೆಯ ಕಡೆಯಿಂದ ಬೇರೆ ಯಾವ ಹೆಸರು ಬಂದರೂ ಅದನ್ನು ಒಳಗೆ ಬಿಡದಂತೆ ಬಾಗಿಲು ಹಾಕಿದೆ. ಈಗ ಅದಕ್ಕಾಗಿ ಎದೆ ಬಡಿದುಕೊಂಡು ಅಳುತ್ತೇನೆ ಎಂದು ಯಾರೂ ಕಾಯಬೇಡಿ. ಈ ಕೆಲಸ ಗೊತ್ತಿರುವ ಯಾರೇ ಆದರೂ ಹಾಗೆಯೇ ಬರೆಯುತ್ತಿದ್ದರು. ಕೇಳಿದ್ದು ಸರಿ, ಕೊಟ್ಟಿದ್ದು ಸರಿ. ಎಡವಟ್ಟು ಇದ್ದದ್ದು ಬೇರೆ ಕಡೆ, ಮತ್ತು ಅದನ್ನು ನಾನು ಕಣ್ಣಾರೆ ನೋಡಿ ಬಾಯಿ ಬಿಟ್ಟು ಹೇಳಿದ್ದೆ.

ಹೊಸ ಆವೃತ್ತಿ ತೋರಿಸಲು ಆಸ್ಪತ್ರೆಗೆ ಹೋಗಿದ್ದ ದಿನ. ಬೆಳಗಿನ ಪಾಳಿಯ ಸಿಸ್ಟರುಗಳು ವಾರ್ಡಿನ ಕಂಪ್ಯೂಟರಿನ ಸುತ್ತ ಸುಮ್ಮನೆ ನಿಂತಿದ್ದರು. ಹೊರಗೆ ಗರ್ಭಿಣಿಯರ ಸಾಲು ಬಾಗಿಲ ತನಕ ಬೆಳೆದಿತ್ತು. "ಚಾಲೂ ಮಾಡ್ರಿ ಮತ್ತ" ಎಂದೆ.

"ದೊಡ್ಡಕ್ಕಾರು ಬರ್ಲಿ ತಡೀರಿ ಮೇಡಂ. ಅವರ ಕೈಲೆ ಬೋಣಿಗಿ ಆಗ್ಲಿ" ಎಂದಳು ಒಬ್ಬ ಸಿಸ್ಟರ್.

ನನಗೆ ನಗು ಬಂತು. ಬೋಣಿಗೆ ಎಂದರೆ ಏನೆಂದು ಅಂಗಡಿಯವರ ಊರಿನಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ದಿನದ ಮೊದಲ ವ್ಯವಹಾರ ಒಳ್ಳೆಯ ಕೈಯಿಂದ ಆಗಬೇಕು, ಆಗ ದಿನವೆಲ್ಲ ಒಳ್ಳೆಯದಾಗುತ್ತದೆ. ನಮ್ಮ ಅಬ್ಬಾ ಕೂಡ ಮುಂಜಾನೆ ಮೊದಲ ಕೆಲಸ ತಂದವನ ಮುಖ ನೋಡಿ ಆಮೇಲೆ ಮಷೀನಿಗೆ ಕೈ ಹಚ್ಚುತ್ತಿದ್ದರು. ಆದರೆ ಕಂಪ್ಯೂಟರಿಗೂ ಬೋಣಿಗೆ ಮಾಡುತ್ತಾರೆಂದು ಅಂದೇ ಗೊತ್ತಾದದ್ದು. ಆ ಹೆಣ್ಣುಮಕ್ಕಳನ್ನು ದೂರುವಂತೆಯೂ ಇರಲಿಲ್ಲ. ಅವರ ಕೆಲಸದಲ್ಲಿ ಪ್ರತಿದಿನ ಎರಡು ಜೀವ ಒಟ್ಟಿಗೆ ತೂಗುತ್ತಿರುತ್ತವೆ, ಏನಾದರೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳದೆ ಆಗುವುದಿಲ್ಲ. ಅವರು ಹಿಡಿದುಕೊಂಡದ್ದು ದೊಡ್ಡಕ್ಕನ ಕೈಗುಣವನ್ನು.

ದೊಡ್ಡಕ್ಕ ಬಂದರು. ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಒಂದೇ ಬೆರಳಿನಿಂದ ಪಾಸ್‌ವರ್ಡ್ ಒತ್ತಿದರು. ಪರದೆ ತೆರೆಯಿತು. ಎಲ್ಲರೂ ನಿರಾಳವಾಗಿ ಕೆಲಸಕ್ಕೆ ಇಳಿದರು. ದಿನವಿಡೀ ಯಾರು ಬಂದು ಏನು ತುಂಬಿದರೂ ತುಂಬಿದ್ದು ಆ ತೆರೆದ ಲಾಗಿನ್ನಿನಲ್ಲೇ.

"ಅಂದ್ರ ಉಳದವರು ತಮ್ಮ ಲಾಗಿನ್ ಹಾಕೂದಿಲ್ಲೇನು?" ಎಂದು ಕೇಳಿದೆ.

"ಹಚ್ಚಿದ ದೀಪಾ ಆರಿಸಿ ಮತ್ತ ಹಚ್ಚತಾರೇನ್ರಿ ಮೇಡಂ?" ಎಂದು ಅದೇ ಸಿಸ್ಟರ್ ನನ್ನನ್ನೇ ಕೇಳಿದಳು.

ದೊಡ್ಡಕ್ಕ ನಕ್ಕು, "ಹುಚ್ಚ ಅದಾವ ತಂಗಿ ಇವು. ಬ್ಯಾಡಂದ್ರ ಕೇಳೂದಿಲ್ಲ" ಎಂದರು. ಆದರೆ ಆ ನಗುವಿನಲ್ಲಿ ಸಂತೋಷವಿತ್ತು. ಯಾರಿಗೆ ಇರುವುದಿಲ್ಲ? ಇಷ್ಟು ವರ್ಷ ಸೂಲಗಿತ್ತಿಯ ಕೆಲಸ ಮಾಡಿದ ಕೈಗೆ ಅಷ್ಟಾದರೂ ಮರ್ಯಾದೆ ಸಿಕ್ಕಿತಲ್ಲ ಎಂದು ನನಗೂ ಅನ್ನಿಸಿತು.

ಅಂದೇ ಮ್ಯಾನೇಜರರ ಕೋಣೆಗೆ ಹೋಗಿ ಹೇಳಿದೆ. ಒಬ್ಬರ ಲಾಗಿನ್ನಿನಲ್ಲಿ ಎಲ್ಲರೂ ಬರೆದರೆ ಎಲ್ಲದರ ಮೇಲೂ ಒಬ್ಬರದೇ ಹೆಸರು ಬೀಳುತ್ತದೆ, ಇದು ಸರಿಯಲ್ಲ ಎಂದು. ಆಫೀಸಿಗೆ ಬಂದು ಅದನ್ನೇ ಮೇಲ್ ಮಾಡಿದೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಲಾಗಿನ್ ತಾನೇ ಮುಚ್ಚಿಕೊಳ್ಳುವಂತೆಯೂ ಮಾಡಿದೆ. ಮೂರ್ನಾಲ್ಕು ದಿನದಲ್ಲಿ ಮ್ಯಾನೇಜರರ ಫೋನ್ ಬಂತು. ಲಾಗಿನ್ ಮುಚ್ಚಿಕೊಂಡಾಗಲೆಲ್ಲ ಹುಡುಗಿಯರು ದೊಡ್ಡಕ್ಕನನ್ನು ಹೆರಿಗೆ ಕೋಣೆಯಿಂದ ಕರೆತಂದು ಮತ್ತೆ ತೆರೆಸುತ್ತಿದ್ದರಂತೆ. ಕೆಲಸ ನಿಲ್ಲುತ್ತಿತ್ತಂತೆ.

"ಅದನ್ನ ತಗೀರಿ ಮೇಡಂ. ಆಸ್ಪತ್ರಿ ನಡಸೂದ ಬಿಟ್ಟು ಪಾಸ್‌ವರ್ಡ್ ಒತ್ತಕೋತ ಕುಂಡ್ರೂಣೇನು?"

"ಸರ್, ನಾಳೆ ಏನಾರ ಹೆಚ್ಚುಕಮ್ಮಿ ಆತಂದ್ರ—"

"ಏನೂ ಆಗೂದಿಲ್ಲ ಬಿಡ್ರಿ. ನೀವು ಭಾಳ ವಿಚಾರ ಮಾಡ್ತೀರಿ."

ತೆಗೆಯಿರಿ ಎಂದು ಮೇಲ್ ಕಳಿಸಿರಿ ಎಂದೆ. ಕಳಿಸಿದರು. ತೆಗೆದೆ.

ಆಮೇಲೆ ನಡೆದದ್ದನ್ನು ನಾನು ನೋಡಿಲ್ಲ, ಕೇಳಿದ್ದೇನೆ. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಅಕ್ಕಪಕ್ಕದ ಎರಡು ಮಂಚದ ಗರ್ಭಿಣಿಯರಿಬ್ಬರ ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕಿತ್ತು. ರಕ್ತ ತೆಗೆದವರು ಕಂಪ್ಯೂಟರಿನಲ್ಲಿ ಹೊಸ ಸ್ಯಾಂಪಲ್ ದಾಖಲೆ ಮಾಡಬೇಕು, ಅದು ಒಂದು ಸ್ಟಿಕರ್ ಮುದ್ರಿಸುತ್ತದೆ, ಸ್ಟಿಕರನ್ನು ರಕ್ತದ ಸಣ್ಣ ನಳಿಕೆಗೆ ಅಂಟಿಸಬೇಕು. ಒಬ್ಬಳ ರಕ್ತದ ನಳಿಕೆಯ ಮೇಲೆ ಇನ್ನೊಬ್ಬಳ ಸ್ಟಿಕರ್ ಕೂತಿತು. ರಕ್ತನಿಧಿಯವರು ನಳಿಕೆಯೊಳಗೆ ಇದ್ದದ್ದನ್ನು ಸರಿಯಾಗಿಯೇ ಪರೀಕ್ಷಿಸಿದರು. ಸಂಜೆ ಆ ಸ್ಟಿಕರಿನವಳಿಗೆ ಹೆರಿಗೆಯಾಯಿತು, ರಕ್ತ ನಿಲ್ಲಲಿಲ್ಲ. ಓಡಿಹೋಗಿ ರಕ್ತ ತಂದು ಕೊಟ್ಟರು. ಕೊಟ್ಟದ್ದು ಅವಳ ಗುಂಪಿನದಲ್ಲ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು. ಚೊಚ್ಚಲ ಹೆರಿಗೆ, ಹೆಣ್ಣು ಕೂಸು. ಗಂಡ ಟೆಂಪೋ ಓಡಿಸುವವನು. ಅವನು ಕೂಸನ್ನು ಹೇಗೆ ಹಿಡಿದುಕೊಳ್ಳಬೇಕೆಂದು ತಿಳಿಯದೆ ಟವೆಲ್ಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಗೇಟಿನಲ್ಲಿ ಕೂತಿದ್ದನಂತೆ. ಇದನ್ನು ಹೇಳಿದ ಆಯಾ ಹೇಳುತ್ತ ಹೇಳುತ್ತ ಸೆರಗು ಬಾಯಿಗೆ ಹಿಡಿದುಕೊಂಡಳು.

ನಮ್ಮ ಆಫೀಸಿಗೆ ಫೋನ್ ಬಂದದ್ದು ಎರಡು ದಿನ ಬಿಟ್ಟು. ಆ ಸ್ಯಾಂಪಲ್ ದಾಖಲೆಯನ್ನು ಸೃಷ್ಟಿಸಿದವರು ಯಾರು ಎಂದು ನೋಡಿ ಹೇಳಬೇಕಂತೆ. ನೋಡದೆಯೇ ನನಗೆ ಉತ್ತರ ಗೊತ್ತಿತ್ತು. ಆದರೂ ಹುಡುಕಿದೆ. ಆ ಸಾಲು ಬಂತು, ಅದರ ಕೊನೆಯಲ್ಲಿ ದೊಡ್ಡಕ್ಕನ ಹೆಸರು ಬಂತು. ಹಿಂದೆ ನಿಂತು ನೋಡುತ್ತಿದ್ದ ನಮ್ಮ ಸಾಹೇಬರು ನಿಟ್ಟುಸಿರು ಬಿಟ್ಟು, "ವಿಚಾರಣಿ ಐತಂತ. ಕೇಳಿದಷ್ಟ ಹೇಳಿ ಬಾ. ಕಂಪನಿ ನಡೀಬೇಕಲ್ಲವಾ" ಎಂದರು. ಅವರು ಕೆಟ್ಟವರಲ್ಲ. ಆದರೆ ಅವರು ಅತ್ತ ಹೋದದ್ದೇ ನಾನು ಹಿಂದಿನ ದಾಖಲೆಗಳನ್ನೂ ಒಂದೊಂದಾಗಿ ತೆಗೆದು ನೋಡಲು ಕೂತೆ.

ವಿಚಾರಣೆಗೆ ಮೊದಲು ದೊಡ್ಡಕ್ಕನೇ ನನ್ನನ್ನು ಹುಡುಕಿಕೊಂಡು ಬಂದರು. ಸಂಜೆ ಆಫೀಸು ಬಿಟ್ಟು ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಹೋದರೆ ಅಲ್ಲಿ ಗಾಜಿನ ಬಾಗಿಲ ಪಕ್ಕ ನಿಂತಿದ್ದರು. ಅವರನ್ನು ಸಮವಸ್ತ್ರವಿಲ್ಲದೆ ನೋಡಿದ್ದು ಅದೇ ಮೊದಲು. ಇಳಕಲ್ ಸೀರೆಯಲ್ಲಿ ಬೇರೆ ಯಾರೋ ಅನ್ನಿಸಿದರು. ಇಬ್ಬರೂ ಬೆಂಚಿನ ಮೇಲೆ ಕೂತೆವು. ಬಸ್ಸುಗಳು ಬಂದು ಹೋದವು.

"ನಾ ಅಲ್ಲಿ ಇರಲೇ ಇಲ್ಲ ತಂಗಿ. ಆ ಹೊತ್ತಿನ್ಯಾಗ ಹೆರಿಗಿ ಕ್ವಾಣ್ಯಾಗ ಇದ್ದೆ. ಒಂದ ಕೂಸು ಕಾಲ ಮುಂದ ಮಾಡಿ ಬರಾಕತ್ತಿತ್ತು. ಅಂಥಾದ್ರಾಗ ಕೈ ಬಿಟ್ಟ ಹೊರಗ ಬರಾಕ ಆಗತೈತೇನು? ಮಾಸು ಬೀಳೂತನಕಾ ನಾ ಆ ಮಂಚಾ ಬಿಟ್ಟ ಕದಲಿಲ್ಲ."

"ಹಂಗಂದ್ರ ಸ್ಯಾಂಪಲ್ ತಗದವರು ಯಾರ್ರಿ ದೊಡ್ಡಕ್ಕಾರ?"

"ಯಾರಂತ ಹೇಳಲಿ? ಪಾಳಿ ಬದಲಾಗೂ ಹೊತ್ತು. ಆ ಪಾಳಿಯವರೂ ಇದ್ರು, ಈ ಪಾಳಿಯವರೂ ಇದ್ರು. ಎಲ್ಲಾ ನನ್ನ ಮಕ್ಕಳಿದ್ದಂಗ ಅದಾವ. ನೋಡಲಾರದ ಒಬ್ಬಾಕಿ ಮ್ಯಾಲ ಹ್ಯಾಂಗ ಹಾಕಲಿ?"

ಮಂಡಿಯ ಮೇಲಿದ್ದ ಅವರ ಕೈಗಳನ್ನೇ ನೋಡಿದೆ. ದಪ್ಪ ಬೆರಳು, ಸವೆದು ಬಿಳುಚಿದ ಉಗುರು, ಸಾಬೂನಿಗೆ ಸುಕ್ಕುಗಟ್ಟಿದ ಚರ್ಮ. "ನೀನಽ ಅಲ್ಲೇನು ಅದನ್ನ ಮಾಡಿದಾಕಿ? ಅದು ನನ್ನ ಕೈಯಲ್ಲ, ಬರೇ ನನ್ನ ಹೆಸರು ಅಂತ ನೀ ಹೇಳಿದ್ರ ಅವರು ಕೇಳತಾರ" ಎಂದರು. ಹೇಳುತ್ತೇನೆ ಎಂದೆ. ಹೇಳಿದರೆ ಸಾಕು ಎಂದು ನಾನೂ ನಂಬಿದ್ದೆ.

ವಿಚಾರಣೆ ನಡೆದದ್ದು ಟ್ರಸ್ಟಿನ ಆಫೀಸಿನಲ್ಲಿ. ಮೂವರು ಕೂತಿದ್ದರು: ಹತ್ತಿಯ ವ್ಯಾಪಾರ ಮಾಡುವ ಒಬ್ಬ ಹಿರಿಯ ಟ್ರಸ್ಟಿ, ಅಂದು ಹೆರಿಗೆ ಕೋಣೆಯಲ್ಲಿದ್ದ ಡಾಕ್ಟರು, ಟ್ರಸ್ಟಿನ ವಕೀಲರು. ಮ್ಯಾನೇಜರ್ ಗೋಡೆಗೆ ಒರಗಿ ನಿಂತಿದ್ದರು. ದೊಡ್ಡಕ್ಕನಿಗೆ ಕುರ್ಚಿ ಕೊಟ್ಟಿದ್ದರು, ಅವರು ಅದರ ತುದಿಯಲ್ಲಿ ಕೂತಿದ್ದರು. ನನ್ನ ಮುಂದೆ ಚಹಾ, ಬಿಸ್ಕೀಟು ಇಟ್ಟರು. ಅವರ ಮುಂದೆ ಇಡಲಿಲ್ಲ.

"ಈ ಎಂಟ್ರಿ ಕ್ರಿಯೇಟ್ ಮಾಡಿದವರು ಯಾರು, ಅಷ್ಟ ಹೇಳ್ರಿ" ಎಂದರು ವಕೀಲರು.

"ಯಾರ ಲಾಗಿನ್ ತೆರದಿತ್ತು ಅನ್ನೂದನ್ನ ಹೇಳಬಹುದ್ರಿ. ಯಾರ ಕೈ ಅಂತ ಹೇಳಾಕ ಬರೂದಿಲ್ಲ."

"ಡೇಟಾಬೇಸಿನ್ಯಾಗ ಹೆಸರ ಯಾರದೈತಿ?"

"ದೊಡ್ಡಕ್ಕಾರದು. ಆದ್ರ ಆ ಹೆಸರನ್ನ ಯಾರೂ ಬರದಿಲ್ರಿ. ದಾಖಲೆ ಹುಟ್ಟೂಮುಂದ ನಾ ಬರದ ಕೋಡು ತಾನಾಗೇ ಅಂಟಸತೈತಿ. ಆ ಕಂಪ್ಯೂಟರಿನ ಮುಂದ ನೀವ ಬಂದ ಕುಂತು ಒತ್ತಿದ್ರೂ ಅವರ ಹೆಸರ ಬೀಳತಿತ್ತು."

ವಕೀಲರಿಗೆ ಈ ಉದಾಹರಣೆ ಹಿಡಿಸಲಿಲ್ಲ. ನಾನು ಬಿಡಲಿಲ್ಲ. ಹಿಂದಿನ ಕೆಲವು ವಾರಗಳ ದಾಖಲೆಗಳನ್ನು ಮುದ್ರಿಸಿ ತಂದಿದ್ದೆ, ಮೇಜಿನ ಮೇಲೆ ಹರವಿದೆ. ಹಗಲೂ ದೊಡ್ಡಕ್ಕ, ರಾತ್ರಿಯೂ ದೊಡ್ಡಕ್ಕ. ಅವರು ಗರಗದ ತಮ್ಮ ಮನೆಯಲ್ಲಿ ಮಲಗಿದ್ದ ಹೊತ್ತಿನಲ್ಲೂ ಅವರ ಹೆಸರಿನಲ್ಲಿ ಕೂಸುಗಳ ತೂಕ ದಾಖಲಾಗಿತ್ತು, ಇಂಜೆಕ್ಷನ್ ದಾಖಲಾಗಿತ್ತು. ಇದನ್ನು ನಂಬುವುದಾದರೆ ಆ ಹೆಣ್ಣುಮಗಳು ವಾರಗಟ್ಟಲೆ ಕಣ್ಣು ಮುಚ್ಚಿಲ್ಲ ಎಂದಂತಾಯಿತು. "ಮನುಷ್ಯಾರಿಂದ ಆಗೂ ಮಾತೇನ್ರಿ ಇದು?" ಎಂದು ಕೇಳಿದೆ. ಗೆದ್ದೆ ಎಂದೇ ಅಂದುಕೊಂಡೆ.

ಹಿರಿಯ ಟ್ರಸ್ಟಿ ಕನ್ನಡಕ ಏರಿಸಿ ಹಾಳೆಗಳನ್ನು ಸಾವಕಾಶವಾಗಿ ನೋಡಿದರು. ಒಳ್ಳೆಯ ಮನುಷ್ಯ, ಪ್ರತಿ ಸೋಮವಾರ ಬಾಣಂತಿಯರಿಗೆ ರವೆ-ಬೆಲ್ಲದ ಸಜ್ಜಕ ಮಾಡಿಸಿ ಹಂಚುವವರು. ಹಾಳೆ ಕೆಳಗಿಟ್ಟು ಮೆಲ್ಲಗೆ ಹೇಳಿದರು:

"ಅಂದ್ರ ಈಕಿ ತನ್ನ ಲಾಗಿನ್ ಹಗಲಿ ರಾತ್ರಿ ಎಲ್ಲಾರಿಗೂ ಬಿಟ್ಟಕೊಟ್ಟಿದ್ಲು ಅಂತ ಆತಲ್ಲವಾ. ಇದು ಇನ್ನೂ ದೊಡ್ಡ ತಪ್ಪು."

ನಾನು ತಂದ ಸಾಕ್ಷಿ ನನ್ನ ಕಣ್ಣೆದುರೇ ಮಗುಚಿ ಬಿತ್ತು. ಬೋಣಿಗೆಯ ಪದ್ಧತಿ ಹೇಳಿದೆ, ಮ್ಯಾನೇಜರರಿಗೆ ನಾನು ಕಳಿಸಿದ್ದ ಮೇಲ್ ತೋರಿಸಿದೆ, ಅವರು ಲಾಗಿನ್ ಮುಚ್ಚುವುದನ್ನು ತೆಗೆಸಿದ್ದನ್ನು ತೋರಿಸಿದೆ. ಮ್ಯಾನೇಜರ್ ಗೋಡೆಯಿಂದ ಅರ್ಧ ಹೆಜ್ಜೆ ಮುಂದೆ ಬಂದು, "ಅದು ಟೆಕ್ನಿಕಲ್ ವಿಷಯ ಸರ್, ಅದಕೂ ಇದಕೂ ಸಂಬಂಧ ಇಲ್ಲ" ಎಂದು ಮತ್ತೆ ಗೋಡೆಗೆ ಒರಗಿದರು. ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಅದು ಉರ್ದುವಿನಲ್ಲಿತ್ತು. ವಕೀಲರಿಗೆ ಅರ್ಥವಾಯಿತು ಎಂದು ಅವರ ಮುಖ ನೋಡಿದರೆ ತಿಳಿಯಿತು.

ಡಾಕ್ಟರರನ್ನು ಕೇಳಿದರು. ಅವರು ತಲೆ ತಗ್ಗಿಸಿಕೊಂಡೇ, "ನನ್ನ ಜೋಡಿ ಇದ್ರು, ಖರೇ. ಆದ್ರ ನನ್ನ ಧ್ಯಾನ ಎಲ್ಲಾ ಕೂಸಿನ ಮ್ಯಾಲಿತ್ತು. ನಡುವ ಹೊರಗ ಹೋಗಿ ಬಂದ್ರೋ ಇಲ್ಲೋ ಹೇಳಾಕ ಆಗೂದಿಲ್ಲ" ಎಂದರು. ಇದು ಸುಳ್ಳೂ ಅಲ್ಲ, ನೋಡಿ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಅಂದು ಅತ್ತಿತ್ತ ಇದ್ದ ಸಿಸ್ಟರುಗಳನ್ನು ಒಬ್ಬೊಬ್ಬರನ್ನಾಗಿ ಕರೆದರು. ದೀಪದ ಮಾತು ಆಡಿದ್ದ ಆ ಹುಡುಗಿಯೂ ಬಂದಳು. ಎಲ್ಲರದೂ ಒಂದೇ ಉತ್ತರ, "ನೆನಪಿಲ್ರಿ ಸರ್." ಅವರಲ್ಲಿ ಒಬ್ಬಳಿಗೆ ನೆನಪಿತ್ತು. ಇರಲೇಬೇಕು. ಅವಳಿಗೂ ಮನೆ, ಮಕ್ಕಳು ಇರುತ್ತವೆ, ಅವಳ ಮನಸ್ಸಿನಲ್ಲಿ ಏನಾಗುತ್ತಿತ್ತೋ ನಾನು ಬಲ್ಲೆನೆ? ಆದರೂ ಅವಳನ್ನು ಕ್ಷಮಿಸುವ ದೊಡ್ಡತನ ನನಗಿನ್ನೂ ಬಂದಿಲ್ಲ.

ಕೊನೆಗೆ ದೊಡ್ಡಕ್ಕನನ್ನು ಕೇಳಿದರು. ಅವರು ಎದ್ದು ನಿಂತು ನಿಲ್ದಾಣದಲ್ಲಿ ಹೇಳಿದ್ದನ್ನೇ ಹೇಳಿದರು. ಕಾಲು ಮುಂದೆ ಮಾಡಿ ಬಂದ ಕೂಸು, ಬಿಡಲಾಗದ ಕೈ, ಬಿಟ್ಟು ಕದಲದ ಮಂಚ. ದನಿ ಗಟ್ಟಿಯಾಗಿತ್ತು. "ಹಂಗಂದ್ರ ಇಲ್ಲಿ ನಿಮ್ಮ ಹೆಸರ ಹ್ಯಾಂಗ ಬಂತು?" ಎಂದು ವಕೀಲರು ಹಾಳೆ ಎತ್ತಿ ತೋರಿಸಿದರು. ದೊಡ್ಡಕ್ಕ ಹಾಳೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಮತ್ತೆ ವಿವರಿಸಲು ಬಾಯಿ ತೆರೆದೆ, ವಕೀಲರು ಸಾಕು ಎಂದು ಕೈ ಮಾಡಿದರು.

ಕೆಲಸದಿಂದ ತೆಗೆದರು. ತೆಗೆದದ್ದಕ್ಕಿಂತ ಹೆಚ್ಚಾಗಿ, ಕಾರಣ ಬರೆದು ತೆಗೆದರು. ಆಸ್ಪತ್ರೆಯ ಸೂಚನಾ ಫಲಕಕ್ಕೆ ಅದನ್ನು ಹಚ್ಚಿದರು. ಸತ್ತವಳ ಗಂಡನಿಗೂ ಓದಿ ಹೇಳಿದರಂತೆ. ಅವನಿಗೆ ಒಂದು ಹೆಸರು ಬೇಕಿತ್ತು, ಇವರು ಕೊಟ್ಟರು. ನನಗೆ ಹೊಸ ಕೆಲಸ ಬಂತು: ಇನ್ನು ಮುಂದೆ ಪ್ರತಿ ದಾಖಲೆ ಹುಟ್ಟುವಾಗಲೂ ಹೆಬ್ಬೆಟ್ಟು ಕೇಳಬೇಕು, ಹೆಬ್ಬೆಟ್ಟಿನವರ ಹೆಸರೇ ಬೀಳಬೇಕು. ಅದೇ ಜಾಗದಲ್ಲಿ, ಹಳೆಯ ಎರಡು ಸಾಲು ಅಳಿಸಿ ಹೊಸದನ್ನು ಬರೆದೆ. ಬರೆಯುವಾಗ ಮನಸ್ಸು ಕಹಿಯಾಗಿತ್ತು. ಸಾವಿಗೆ ಮೊದಲು ಖರ್ಚು ಎಂದು ಬೇಡವಾಗಿದ್ದ ಹೆಬ್ಬೆಟ್ಟಿನ ಯಂತ್ರ ಈಗ ಒಂದೇ ದಿನದಲ್ಲಿ ಮಂಜೂರಾಗಿತ್ತು.

ತಿಂಗಳುಗಳು ಕಳೆದವು. ನಾನು ಗರಗಕ್ಕೆ ಹೋಗಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗುವುದು ಎಂದು ಅಲ್ಲ, ಹೋಗಿ ಏನು ಹೇಳುವುದು ಎಂದು. ಕೊನೆಗೆ ಒಂದು ಭಾನುವಾರ, ಧಾರವಾಡದಲ್ಲಿ ಒಂದು ಮದುವೆ ಮುಗಿಸಿಕೊಂಡು, ಅದೇ ಬಟ್ಟೆಯಲ್ಲಿ ಗರಗದ ಬಸ್ಸು ಹತ್ತಿದೆ. ದೊಡ್ಡಕ್ಕ ಈಗ ವಾರದ ದಿನಗಳಲ್ಲಿ ಊರಿನ ಖಾದಿ ನೂಲುವ ಕೇಂದ್ರಕ್ಕೆ ಹೋಗುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದರು. ಮೊದಲು ಆ ಊರಿನ ಬಸುರಿಯರೆಲ್ಲ ಒಂದು ಸಲ ದೊಡ್ಡಕ್ಕನ ಕೈಯಲ್ಲಿ ಹೊಟ್ಟೆ ಮುಟ್ಟಿಸಿಕೊಂಡು ಹೋಗುತ್ತಿದ್ದರಂತೆ, ಈಗ ಯಾರೂ ಬರುವುದಿಲ್ಲವಂತೆ. ಅದನ್ನೂ ಆ ಪಕ್ಕದ ಮನೆಯಾಕೆಯೇ ದನಿ ತಗ್ಗಿಸಿ ಹೇಳಿದಳು, ಅವಳ ಸೊಸೆ ತುಂಬು ಬಸುರಿಯಾಗಿ ಹಿಂದೆ ನಿಂತಿದ್ದಳು.

ದೊಡ್ಡಕ್ಕ ಪಡಸಾಲೆಯಲ್ಲಿ ಕೂತಿದ್ದರು. ತುಂಬ ಇಳಿದುಹೋಗಿದ್ದರು. ನನ್ನನ್ನು ನೋಡಿ ಖುಷಿಪಟ್ಟರು, ಅದು ನಟನೆಯಲ್ಲ. "ಬಾ ತಂಗಿ, ಬಾ. ಇಷ್ಟ ಛಂದ ಸೀರಿ ಉಟ್ಟಿ, ಲಗ್ನಕ್ಕ ಹೋಗಿದ್ಯೇನು?" ಎಂದು ಚಾಪೆ ಹಾಸಿದರು. ಅವಲಕ್ಕಿ ಕೊಟ್ಟರು. ನಮ್ಮ ಅಮ್ಮಿ ಹೇಗಿದ್ದಾರೆ ಎಂದು ಕೇಳಿದರು. ಅತ್ತಿತ್ತಲಿನ ಮಾತಾಯಿತು. ಆಮೇಲೆ ನಾನೇ ತಡೆಯಲಾರದೆ, ಒಬ್ಬ ಒಳ್ಳೆಯ ವಕೀಲರು ಗೊತ್ತಿದ್ದಾರೆ, ಕೋರ್ಟಿಗೆ ಹೋಗೋಣ, ನಾನು ಸಾಕ್ಷಿ ಹೇಳುತ್ತೇನೆ, ನನ್ನ ಕೆಲಸ ಹೋದರೂ ಹೋಗಲಿ ಎಂದೆ.

ಅವರು ನನ್ನ ತಾಟಿಗೆ ಇನ್ನಷ್ಟು ಅವಲಕ್ಕಿ ಹಾಕಿದರು.

"ಬ್ಯಾಡ ತಂಗಿ. ನನಗ ಈಗ ನೆನಪಾಗೇತಿ."

"ಏನ್ ನೆನಪಾಗೇತ್ರಿ?"

"ಆ ದಿವಸ ನಾ ಹೊರಗ ಬಂದಿದ್ದೆ. ಅರಿವಿ ಸಾಲಲಿಲ್ಲ, ತರಾಕ ಬಂದೆ. ಮಷೀನಿನ ಮುಂದ ಯಾರೂ ಇರಲಿಲ್ಲ. ಆ ಹುಡುಗಿ ಮಂಚದ ಮ್ಯಾಲಿಂದ ನನ್ನನ್ನ ನೋಡಿ ಅಕ್ಕಾರ ಅಂದ್ಲು. ನಾನಽ ರಕ್ತ ತಗದೆ. ನಾನಽ ಒತ್ತಿದೆ."

"ದೊಡ್ಡಕ್ಕಾರ, ನೀವು ಮಂಚಾ ಬಿಟ್ಟ ಕದಲಿಲ್ಲ ಅಂತ ನನ್ನ ಮುಂದ ಹೇಳೀರಿ. ಅವರ ಮುಂದನೂ ಹೇಳೀರಿ."

"ಹೇಳಿದ್ದೆ. ಆವಾಗ ನೆನಪಿರಲಿಲ್ಲ. ದಿನಾ ಕುಂತ ವಿಚಾರ ಮಾಡಿದೆ. ಅಷ್ಟು ಮಂದಿ ಓದಿದವರು, ಅಲ್ಲಿ ಬರದದ್ದು, ಎಲ್ಲಾ ಸುಳ್ಳ ಹ್ಯಾಂಗ ಆಗತೈತಿ? ವಿಚಾರ ಮಾಡ್ತಾ ಮಾಡ್ತಾ ಒಂದೊಂದ ನೆನಪಾತು. ಸ್ಟಿಕರ್ ಅಂಟಸೂಮುಂದ ಪರದೆ ಮ್ಯಾಲ ಹೆಸರ ನೋಡಿದೆ. ಈಕಿ ಹೆಸರ ಇದಲ್ಲಲ್ಲಾ ಅಂತ ಅನ್ನಿಸ್ತು. ತಿದ್ದಬೇಕು ಅನ್ನೂದ್ರಾಗ ಒಳಗಿಂದ ಡಾಕ್ಟರು ಒದರಿದ್ರು. ಓಡಿದೆ."

ಹೆಸರು. ನಾನು ಅವಲಕ್ಕಿಯ ತಾಟು ಕೆಳಗಿಟ್ಟೆ. ಆ ಪರದೆಯಲ್ಲಾಗಲಿ ಸ್ಟಿಕರಿನಲ್ಲಾಗಲಿ ಅಂದು ರೋಗಿಯ ಹೆಸರು ಕಾಣುತ್ತಲೇ ಇರಲಿಲ್ಲ. ಬರೀ ನೋಂದಣಿ ಸಂಖ್ಯೆ ಕಾಣುತ್ತಿತ್ತು, ಅದಕ್ಕೇ ಅದಲು ಬದಲಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಹೆಸರು ತೋರಿಸುವಂತೆ ಮಾಡಿದ್ದು ಆಕೆ ಸತ್ತ ಮೇಲೆ, ದೊಡ್ಡಕ್ಕನನ್ನು ಹೊರಗೆ ಹಾಕಿದ ಮೇಲೆ. ಮಾಡಿದವಳು ನಾನೇ. ದೊಡ್ಡಕ್ಕ ಕಂಡೆ ಎನ್ನುವುದನ್ನು ಯಾರೂ ಕಂಡಿರುವುದು ಸಾಧ್ಯವೇ ಇರಲಿಲ್ಲ.

ಅದನ್ನು ಹೇಳಿದೆ. ಬಿಡಿಸಿ ಬಿಡಿಸಿ ಹೇಳಿದೆ. ಅವರ ಎರಡೂ ಕೈ ಹಿಡಿದು, ನೀವಲ್ಲ, ನೀವಲ್ಲ, ಆ ನೆನಪು ನಿಮ್ಮದಲ್ಲ ಎಂದೆ. ಕೊನೆಕೊನೆಗೆ ನಾನು ಕೂಗುತ್ತಿದ್ದೆ. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ಇಣುಕಿ ಹೋದಳು. ದೊಡ್ಡಕ್ಕ ನನ್ನ ಮಾತು ಪೂರ್ತಿ ಕೇಳಿದರು, ಹಟ ಹಿಡಿದ ಮಕ್ಕಳ ಮಾತು ಕೇಳುವ ತಾಳ್ಮೆಯಿಂದ ಕೇಳಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ನೀ ಅಲ್ಲಿ ಇರಲಿಲ್ಲಲ್ಲ ತಂಗಿ. ನಾ ಇದ್ದೆ."

ಕಣ್ಣಲ್ಲಿ ನೀರು ಬಂದದ್ದೂ ತಿಳಿಯಲಿಲ್ಲ. ಅವರು ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದರು, ಬೆನ್ನ ಮೇಲೆ ಕೈ ಆಡಿಸಿದರು.

"ಅಳಬ್ಯಾಡ. ನಿನ್ನದೇನೂ ತಪ್ಪಿಲ್ಲ. ನೀ ಮಾಡಿದ್ದು ಬರೋಬ್ಬರಿ ಐತಿ, ಅದು ಖರೇನ ಬರದೈತಿ" ಎಂದು ನನಗೆ ಸಮಾಧಾನ ಹೇಳಿದರು.